ನಟಾಲಿನ ವಲಸೆ: ಹತ್ತು ಪೌಂಡಿನ ಒಪ್ಪಂದ

೧೮೪೩ರಲ್ಲಿ ಬ್ರಿಟಿಷರ ವಶವಾದ ದಕ್ಷಿಣ ಆಫ್ರಿಕದ ನಟಾಲಿಗೆ ಇಂಗ್ಲೆಂಡಿನಿಂದ ಜನರನ್ನು ಸಾಗಿಸುವ ಯೋಜನೆಯೊಂದನ್ನು ೧೮೪೯ರಲ್ಲಿ ಜೋಸೆಫ್ ಬರ್ನ್ ಎಂಬಾತನು ಆರಂಭಿಸಿದನು. ಹತ್ತು ಪೌಂಡು ತೆತ್ತವನಿಗೆ ಹಡಗಿನ ಕೆಳಗಿನ ತರಗತಿಯಲ್ಲಿ ಪ್ರಯಾಣವೂ, ಇಳಿದ ಮೇಲೆ ೨೦ ಎಕರೆ ನೆಲವೂ ದೊರೆಯತಕ್ಕವು.

ಇಷ್ಟು ಅಲ್ಪ ಹಣಕ್ಕೆ ಇವೆರಡೂ ಹೇಗೆ ಸಾಧ್ಯವೆಂದು ಓದುಗರು ಕೇಳಬಹುದು. ಗುಟ್ಟು ಠೇವಣಿಯಲ್ಲಿದೆ. ಬರ್ನ್ ಸರ್ಕಾರಿ ನೆಲಕ್ಕಾಗಿ ಮೊದಲೇ ಹಣ ಕಟ್ಟುತ್ತಿದ್ದನು; ಅರ್ಹ ವಲಸೆಗಾರರು ನಟಾಲಿನಲ್ಲಿ ನೆಲೆಗೊಂಡಂತೆಲ್ಲ ತಲೆಗಿಷ್ಟೆಂದು ಅದು ಅವನಿಗೆ ಮರಳಬೇಕು. ಲೇವಾದೇವಿಗಾರರು ಮೆಚ್ಚುವ ಏರ್ಪಾಡೇ ಸರಿ! ಆದರೆ ತಿಂಗಳುಗಟ್ಟಲೆಯ ಸಮುದ್ರಮಾರ್ಗದಲ್ಲಿ ಹಣ ಬೇಗ ಮರಳುವುದೆಂತು? ಅದಕ್ಕಿಂತ ದೊಡ್ಡ ಕೊರತೆ ಬೇರೆ. ಆ ನೆಲ ವಲಸೆಗಾರನಿಗೆ ಅನ್ನವನ್ನಿತ್ತಿತೇ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ನೆಲದ ಹಿಂದಿನ ಒಡೆಯರಾದ ಆಫ್ರಿಕನ್ನರ ಮಾತಂತೂ ದೂರವುಳಿಯಿತು.

ಸುಮಾರು ಇಪ್ಪತ್ತು ಹಡಗುಗಳು ಹೋದುವು. ೧೮೫೦ರ ಜುಲೈಯಲ್ಲಿ ‘ಮಿನರ್ವ’ ಡರ್ಬನ್ನಿನ ತೀರದಲ್ಲಿಯೇ ಒಡೆಯಿತು. ಪ್ರಯಾಣಿಕರು ಬದುಕಿದರು, ಅವರ ಸಾಮಾನು ಬಹುಮಟ್ಟಿಗೆ ಸಮುದ್ರದ ಪಾಲಾಯಿತು. ಅದೇ ವರ್ಷ ಬರ್ನ್ ದಿವಾಳಿಯಾದನು. ಇಪ್ಪತ್ತು ಎಕರೆಯಲ್ಲಿ ಜೀವನ ಸಾಗದೆ ಅನೇಕರು ಹೊಲಗಳನ್ನು ತೊರೆದು, ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣಗಳಲ್ಲಿ ತಮ್ಮ ಹಳೆಯ ಕಸುಬುಗಳನ್ನೇ ಹಿಡಿದರು.