ಬಾಸೆಲ್ ಮಿಶನಿನ ಗೃಹಸ್ಥ ಪಾದ್ರಿಗಳು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹಾದಿಯಲ್ಲಿರುವ ಶಾಂತಿಗ್ರಾಮವು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ಹೆಸರನ್ನು ಹೊತ್ತುದೆಂಬುದು ಈ ಸೀಮೆಯವರೆಲ್ಲರೂ ಬಲ್ಲ ಸಂಗತಿಯಷ್ಟೆ. ಆಕೆಯ ತಂದೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜೈನಳು. ಪತಿಯು ವೈಷ್ಣವನೆಂದು ಪ್ರಸಿದ್ಧನು. ಆಕೆಯಾದರೋ ಕಡೆಯವರೆಗೂ ಜಿನಭಕ್ತೆಯಾಗಿಯೇ ಉಳಿದು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಒಂದೇ ಮನೆಯಲ್ಲಿ ಮೂರು ಮತಗಳು ನೆಲೆಸಿದ್ದರೂ ಮನೆ ಒಡೆಯಲಿಲ್ಲ. ಏಳು ಶತಮಾನಗಳ ತರುವಾಯ ಕನ್ನಡ ಸೀಮೆಗೆ ಸಮುದ್ರಮಾರ್ಗವಾಗಿ ಬಂದ ಮತಬೋಧಕರ ಚರಿತ್ರೆಯನ್ನು ಅವಲೋಕಿಸುವಾಗ ಈ ದೃಷ್ಟಾಂತವು ಮನಸ್ಸಿನಲ್ಲಿರುವುದು ಒಳ್ಳೆಯದು.

ಆ ಕಾಲದಲ್ಲಿ ಕನ್ನಡನಾಡು ಹರಿದು ಹಂಚಿಹೋಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಮಂಗಳೂರು ಸೀಮೆಯು ಕುಂಪಣಿಯವರ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. 1800ರಲ್ಲಿ ಬಳ್ಳಾರಿಯೂ ಅದೇ ದಾರಿಯನ್ನು ಹಿಡಿಯಿತು. ಪೇಶ್ವೆಯ ಪತನಾನಂತರ ಧಾರವಾಡವು ಮುಂಬಯಿಗೆ ಸೇರಿತು. ಕಲಬುರಗಿ, ರಾಯಚೂರು, ಬೀದರಗಳು ನಿಜಾಮನವು. ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಕಮಿಷನರುಗಳ ವಶದಲ್ಲಿತ್ತು. ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾದನು. ಆ ದೊರೆಯ ಮಗಳು ಗೌರಮ್ಮನು 1852ರಲ್ಲಿ ಲಂಡನ್ ನಗರದಲ್ಲಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಿರಲು, ಕ್ರೈಸ್ತದೀಕ್ಷೆಯನ್ನು ಪಡೆದಳು.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನು, ಆಂಗ್ಲೇಯರಲ್ಲದ ಬೋಧಕರಿಗೂ ಇಂಡಿಯಾದಲ್ಲಿ ಅವಕಾಶವನ್ನಿತ್ತ 1833ರ ಶಾಸನದ ಫಲವಾಗಿ, 1834ರಲ್ಲಿ ಮಂಗಳೂರಿಗೆ ತನ್ನ ಮೂವರನ್ನು ಕಳುಹಿಸಿತು. ಅನಂತರ ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಅದರ ಠಾಣೆಗಳಾದುವು. ಬಂದವರಲ್ಲಿ ಬಹುಮಂದಿ ಜರ್ಮನರು. ಅವರ ಸ್ವದೇಶವೂ 1871ರವರೆಗೆ ಒಂದಾಗಿರಲಿಲ್ಲ. ಮೋಗ್ಲಿಂಗನು ವುರ್ಟೆಂಬರ್ಗ್ ರಾಜ್ಯದವನು, ಕಿಟೆಲನು ಹಾನೋವರ್ ರಾಜ್ಯದ ಪ್ರಜೆ. ಒಡೆದ ನಾಡಿನಿಂದ ಒಡೆದ ನಾಡಿಗೆ ಬಂದ ಇವರಿಗೆ ಪ್ರಾಂತಗಳ ಎಲ್ಲೆಗಿಂತ ಭಾಷೆಯ ಎಲ್ಲೆಯೇ ಮುಖ್ಯವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಈ ಪಾದ್ರಿಗಳಲ್ಲಿ ನಮ್ಮವರಿಗೆ ವಿಚಿತ್ರವಾಗಿ ಕಂಡ ಅಂಶವೊಂದುಂಟು. ಧರ್ಮೋಪದೇಶಕ್ಕೆಂದು ಮನೆಬಿಟ್ಟವನು ಸಂನ್ಯಾಸಿಯಾಗಿರಬೇಕೆಂಬುದು ಇಲ್ಲಿಯ ಭಾವನೆ. ಹೇಮಾವತಿಯ ತೀರದ ಶೆಟ್ಟಿಹಳ್ಳಿಯಲ್ಲಿ ಇಗರ್ಜಿಯನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿಗಳು ಬ್ರಹ್ಮಚಾರಿಗಳೇ ಆಗಿದ್ದರು. (ಆ ಇಗರ್ಜಿಯು ಗೊರೂರಿನ ಅಣೆಕಟ್ಟಿನಿಂದ ಜಲಾವೃತವಾಗಿ, ಈಗ ನೀರು ಏರಿದಾಗ ಮುಳುಗಿ, ಇಳಿದಾಗ ಗೋಡೆಗಳನ್ನು ತೋರಿಸುತ್ತಿದೆ.) ಬಾಸೆಲಿನವರಾದರೋ ಗೃಹಸ್ಥಾಶ್ರಮಿಗಳು. ಆದರೆ ಆ ಗಾರ್ಹಸ್ಥ್ಯವು ಕಠಿನವಾದ ಕಟ್ಟಳೆಗಳಿಗೆ ಒಳಪಟ್ಟಿತ್ತು. ಬಾಸೆಲಿನ ಸಮಿತಿಯ ಅನುಮತಿಯಿಲ್ಲದೆ ವಿವಾಹವಿಲ್ಲ. ಸೇವೆಯ ಮೊದಲ ಕೆಲವು ವರ್ಷಗಳಲ್ಲಿ ಅನುಮತಿಯೂ ಇಲ್ಲ. ಅದು ದೊರೆತ ಬಳಿಕ, ಅನೇಕ ವೇಳೆ ವರನ ಮುಖವನ್ನೇ ಕಂಡಿರದ ಕನ್ಯೆಯು ತಿಂಗಳುಗಟ್ಟಲೆ ಸಮುದ್ರಯಾನಮಾಡಿ ಬರುವಳು. ಹುಟ್ಟಿದ ಮಕ್ಕಳು ವಿದ್ಯಾಭ್ಯಾಸದ ವಯಸ್ಸಿಗೆ ಬಂದೊಡನೆ ಯೂರೋಪಿಗೆ ಹೋಗತಕ್ಕದ್ದು. ಅವರಿಗಾಗಿ ಬಾಸೆಲಿನಲ್ಲಿ ಒಂದು ಮನೆಯೇ ಏರ್ಪಟ್ಟಿತ್ತು. ಆರೇಳು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿದ ತಾಯಿಯು ಅದನ್ನು ಮತ್ತೆ ಕಾಣುವಳೋ ಇಲ್ಲವೋ ಎಂಬುದಕ್ಕೆ ಭರವಸೆಯಿರಲಿಲ್ಲ. ಸಂನ್ಯಾಸಿಯು ಸಂಸಾರವನ್ನು ಒಮ್ಮೆ ಬಿಡುವನು; ಈ ಗೃಹಸ್ಥರು ಅದನ್ನು ಮೇಲಿಂದ ಮೇಲೆ ಬಿಡಬೇಕಾಗಿತ್ತು.

ಹರ್ಮನ್ ಮೋಗ್ಲಿಂಗನು 1836ರ ಕಡೆಯಲ್ಲಿ ಮಂಗಳೂರಿಗೆ ಬಂದನು. ಮರುವರ್ಷದ ಏಪ್ರಿಲಿನಲ್ಲಿಯೇ, ಕುಂಪಣಿಯವರ ನಗದು ಕಂದಾಯಕ್ಕೆ ಬೇಸತ್ತು ಎದ್ದ ಸುಳ್ಯದ ಕಡೆಯ ದಂಗೆಗಾರರು ಮಂಗಳೂರನ್ನು ಕೆಲವು ದಿನ ಹಿಡಿದಿದ್ದರು. ರಾಜ್ಯದ ನೆಲೆ ಹೀಗಿರಲು, ಆತನು ಶಾಲೆಯನ್ನೂ ಮುದ್ರಣವನ್ನೂ ನಂಬಿದನು. 1843ನೆಯ ಜುಲೈ 1ರಂದು ಆತನ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಘಟ್ಟವನ್ನೇರಿ ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವಾಯಿತು. ಹೆಸರಿನಿಂದ ಊರು ಹೋಗಿ ಭಾಷೆ ಬಂದುದನ್ನು ವಾಚಕರು ಗಮನಿಸಬೇಕು. ಸರ್ಕಾರಗಳು ಐದಾರು ತುಂಡುಮಾಡಿದ್ದ ನಾಡನ್ನು ಆ ಸಣ್ಣ ಹಾಳೆಯು ಒಂದೇ ಹೆಸರಿನಿಂದ ಕರೆಯಿತು.

ಆದರೆ ಅದೇ ವರ್ಷದ ಆದಿಯಲ್ಲಿ, 1844ರ ಜನವರಿಯಲ್ಲಿ, ಮಂಗಳೂರಿನ ಒಂದು ಸಾರಸ್ವತ ಕುಟುಂಬವು ಒಡೆಯಿತು. ಮೋಗ್ಲಿಂಗನ ಶಿಷ್ಯನಾಗಿದ್ದ ಆನಂದರಾವ್ ಕೌಂಡಿನ್ಯನು ದೀಕ್ಷೆಯನ್ನು ಪಡೆದು ಹರ್ಮನ್ ಕೌಂಡಿನ್ಯನಾದನು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೈಹಿಡಿದ ಹೆಂಡತಿಯು ಆತನನ್ನು ಹಿಂಬಾಲಿಸಲಿಲ್ಲ. ಆತನು 1846ರಲ್ಲಿ ಗುರುವಿನೊಡನೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದನು. ಮುಂದೆ ಜರ್ಮನ್ ಸ್ತ್ರೀಯೊಬ್ಬಳನ್ನು ವಿವಾಹವಾದನು. ಮಿಶನಿನ ಕಥನದಲ್ಲಿ ಇದು ವಿಜಯದ ಅಧ್ಯಾಯ. ಊರಿನ ಮನೆಯಲ್ಲಿ ಉಳಿದವಳ ಪಾಲಿಗೆ, ಪತಿಯು ಜೀವಿಸಿರುವಾಗಲೇ ಒದಗಿದ ವೈಧವ್ಯವಲ್ಲದೆ ಅದು ಮತ್ತೇನು? ಶಾಂತಲೆಯ ಮನೆಯು ಮೂರು ಮತಗಳನ್ನು ತಾಳಿತು. ಈ ಮನೆಯು ಎರಡನ್ನೂ ತಾಳಲಾರದೆ ಹೋಯಿತು. ದೋಷವು ಒಂದೇ ಕಡೆಯದಲ್ಲ. ಹೊಸ ಮತವು ಹಳೆಯದನ್ನು ಪೂರ್ಣವಾಗಿ ತ್ಯಜಿಸೆಂದಿತು. ಹಳೆಯ ಸಮಾಜವು ತ್ಯಜಿಸಿದವನೊಡನೆ ಅನ್ನ ನೀರುಗಳ ಸಂಬಂಧವನ್ನೇ ಕಡಿಯಿತು.

ಹೀಗೆ ತ್ಯಾಗವನ್ನು ಕೇಳಿದ ಅದೇ ಮೋಗ್ಲಿಂಗನು ತಾನು ಖಂಡಿಸುತ್ತಿದ್ದ ಮತಗಳ ಗ್ರಂಥಗಳನ್ನು ಉಳಿಸಿದುದು ಚರಿತ್ರೆಯ ಚಮತ್ಕಾರವೇ ಸರಿ. ಮದರಾಸಿನ ಸೇವೆಯಿಂದ ನಿವೃತ್ತನಾಗಿದ್ದ ಕಾಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ 1848ರಿಂದ 1853ರೊಳಗೆ ‘ಬಿಬ್ಲಿಯೋಥೆಕಾ ಕರ್ನಾಟಕ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ ಮೊದಲಾದುವು ಮುದ್ರಣಗೊಂಡುವು. 1850ರಲ್ಲಿ ಹರಿದಾಸರ ಪದಗಳೂ ಮೊದಲಬಾರಿಗೆ ಅಚ್ಚಾದುವು. ಜನರ ಮನಸ್ಸನ್ನು ಅರಿಯಲೆಂದೇ ಇದನ್ನು ಮಾಡಿರಬಹುದು. ಉದ್ದೇಶವೇನೇ ಇರಲಿ, ಫಲವು ಕನ್ನಡಿಗರಿಗೆ ಸಂದಿತು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವುದೆಂಬ ದೇಹಲೀದೀಪನ್ಯಾಯವು ಇಲ್ಲಿ ಸಾರ್ಥಕವಾಯಿತು.

1853ರಲ್ಲಿ ಮೋಗ್ಲಿಂಗನು, ಕ್ರೈಸ್ತನಾದ ಕೊಡವ ಅಲ್ಮಂಡ ಸೋಮಯ್ಯನ ನಿಮಿತ್ತವಾಗಿ, ಅರಕಲಗೂಡಿನ ಸೀಮೆಗೆ ನೆರೆಯದಾದ ಕೊಡಗನ್ನು ಸೇರಿದನು. 1855ರಲ್ಲಿ ಕೊಡಗಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಅದೇ ವರ್ಷ ಆತನ ಒಡನಾಡಿ, ಬೈಬಲಿನ ಕನ್ನಡ ಅನುವಾದವನ್ನು ತಿದ್ದುತ್ತಿದ್ದ ಗಾಟ್‌ಫ್ರೀಡ್ ವೈಗ್ಲೆಯು ತೀರಿಕೊಂಡನು. ಆತನ ವಿಧವೆ ಪೌಲೀನಳನ್ನು ಮೋಗ್ಲಿಂಗನು ಮುಂದೆ ವಿವಾಹವಾದನು. ಆನಂದಪುರದಲ್ಲಿ, ಕೊಡಗಿನ ಜೀತದಾಳುಗಳಾಗಿದ್ದ ಹೊಲೆಯ ಕುಟುಂಬಗಳಿಗೆ ಒಂದು ನೆಲೆಯಾಯಿತು. ಮೇಲ್ಜಾತಿಯವರು ಒಪ್ಪದ ಉಪದೇಶವನ್ನು ಭೂಮಿಯಿಲ್ಲದವರು ಒಪ್ಪಿದರು. 1860ರಲ್ಲಿ ಪತ್ನಿಯ ಅಸ್ವಾಸ್ಥ್ಯದ ಕಾರಣ ಮೋಗ್ಲಿಂಗನು ಸ್ವದೇಶಕ್ಕೆ ಹಿಂದಿರುಗಿ, 1881ರಲ್ಲಿ ಅಲ್ಲಿಯೇ ದೇಹಬಿಟ್ಟನು. ಆತನ ಮಾರ್ಗದಲ್ಲಿ ನಡೆದ ಕಿಟೆಲನು ಮೊದಲ ಹೆಂಡತಿಯನ್ನು ಇಲ್ಲಿಯೇ ಕಳೆದುಕೊಂಡು, ಅನಂತರ ಆಕೆಯ ತಂಗಿಯನ್ನು ವರಿಸಿ, ಎಷ್ಟೋ ವರ್ಷಗಳ ದುಡಿಮೆಯ ಫಲವಾದ ಮಹಾನಿಘಂಟನ್ನು 1894ರಲ್ಲಿ ಹೊರತಂದನು.

1914ರಲ್ಲಿ ಮಹಾಯುದ್ಧವು ಆರಂಭವಾಗಲು ಜರ್ಮನ್ ಪಾದ್ರಿಗಳು ಶತ್ರುಪ್ರಜೆಗಳೆನಿಸಿದರು. ಕೆಲವರು ಬಂಧನಕ್ಕೊಳಗಾದರು; ಸಂಸಾರಗಳು ದೇಶಬಿಟ್ಟುವು; ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕೈಬಿಟ್ಟುವು. ಯಾವ ರಾಜ್ಯದ ಗಡಿಯನ್ನೂ ಲೆಕ್ಕಿಸೆವೆಂದು ಬಂದವರನ್ನು ಕಡೆಗೆ ರಾಜ್ಯದ ಗಡಿಯೇ ಹಿಡಿಯಿತು. ಅವರು ಒಂದೇ ಹೆಸರಿನಿಂದ ಕರೆದ ನಾಡು ಮಾತ್ರ 1956ರಲ್ಲಿ ಒಂದಾಯಿತು.

ನಿಘಂಟನ್ನು ತೆರೆಯುವವರು ಕಿಟೆಲನನ್ನೂ, ದಾಸರ ಪದಗಳ ಮುದ್ರಣವನ್ನು ಕುರಿತು ಮಾತನಾಡುವವರು ಮೋಗ್ಲಿಂಗನನ್ನೂ ನೆನೆಯುವುದು ನ್ಯಾಯವೇ. ಅದರೊಡನೆ, ಹಡಗುಕಟ್ಟೆಯಲ್ಲಿ ಮಗುವಿನ ಕೈಬಿಟ್ಟ ತಾಯಂದಿರನ್ನೂ, ಮಂಗಳೂರಿನ ಮನೆಯಲ್ಲಿ ಉಳಿದುಹೋದ ಆ ಹೆಂಡತಿಯನ್ನೂ ನೆನೆಯುವುದು ಧರ್ಮ. ಆ ಕಾರ್ಯದ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ತೆತ್ತವರು ಅವರು.