ಬ್ಯಾಂಕುಗಳ ಹೆಸರಿನ ಫಿಶಿಂಗ್ ಇ-ಮೇಲ್‌ಗಳು

ಬ್ಯಾಂಕುಗಳ ಹೆಸರಿನ ಫಿಶಿಂಗ್ ಇ-ಮೇಲ್‌ಗಳು ಎಂದರೆ ಗ್ರಾಹಕರ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಪಿನ್ ಹಾಗೂ ಒಟಿಪಿಗಳನ್ನು ಕದಿಯುವ ಉದ್ದೇಶದಿಂದ, ಬ್ಯಾಂಕಿನಿಂದಲೇ ಬಂದಂತೆ ತೋರುವ ಹಾಗೆ ವಂಚಕರು ಕಳುಹಿಸುವ ಸಂದೇಶಗಳು. ಗಾಳ ಹಾಕಿ ಮೀನು ಹಿಡಿಯುವುದನ್ನು ಸೂಚಿಸುವ ಇಂಗ್ಲಿಷ್ ಪದದಿಂದ ಈ ಹೆಸರು ಬಂದಿದೆ.

ನೆಪಗಳು

ಕೆವೈಸಿ ಅವಧಿ ಮುಗಿದಿದೆ, ಖಾತೆ ಸ್ಥಗಿತಗೊಳ್ಳಲಿದೆ ಎಂಬ ಬೆದರಿಕೆಗಳು ಸಾಮಾನ್ಯ. ಬ್ಯಾಂಕುಗಳ ವಿಲೀನವೂ ವಂಚಕರಿಗೆ ಒದಗಬಲ್ಲ ನೆಪವಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡವು. ಕೊಪ್ಪಳ ಜಿಲ್ಲೆಯಲ್ಲಿ ಕಾರ್ಯನಿರ್ವಹಿಸುತ್ತಿದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್, 2013ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್, ಬಳಿಕ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಸಹ ಇದರೊಂದಿಗೆ ಒಂದಾಯಿತು. ಹೀಗಾಗಿ ಈ ಬ್ಯಾಂಕಿನ ಹಳೆಯ ಖಾತೆದಾರರು ಹಿಟ್ನಾಳದವರಿರಲಿ, ಕುಷ್ಟಗಿಯವರಿರಲಿ, ಶಾಖೆ ಬದಲಿಸದೆಯೇ ನಾಲ್ಕು ಹೆಸರುಗಳನ್ನು ಕಂಡಿದ್ದಾರೆ. ‘ವಿಲೀನದ ಕಾರಣ ವಿವರಗಳನ್ನು ನವೀಕರಿಸಿ’ ಎಂಬ ಸಂದೇಶ ಅಂಥವರಿಗೆ ಸಹಜವೆನಿಸುವುದು ಅಚ್ಚರಿಯಲ್ಲ.

ಗುರುತಿಸುವ ಬಗೆ

ಕಳುಹಿಸಿದವರ ಹೆಸರಾಗಿ ಏನನ್ನು ಬೇಕಾದರೂ ಬರೆಯಬಹುದು. ಲಾಂಛನವನ್ನು ನಕಲು ಮಾಡುವುದೂ ಸುಲಭ. ಆದ್ದರಿಂದ ಕೊಂಡಿಯ ನಿಜವಾದ ವಿಳಾಸವನ್ನೇ ನೋಡಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಕೊಂಡಿಯನ್ನು ಕ್ಲಿಕ್ ಮಾಡದೆ ಅದರ ಮೇಲೆ ಮೌಸ್ ಇರಿಸಿದರೆ ಅದು ಕಾಣುತ್ತದೆ. ಆರಂಭದ ‘ಎಚ್‌ಟಿಟಿಪಿಎಸ್’ ಗುರುತನ್ನು ಬಿಟ್ಟು, ನಂತರದ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಜಾಲತಾಣ ವಿಳಾಸಗಳಿಗೆ ಬದಲಾಗಬೇಕಿತ್ತು. ಇಲ್ಲಿ ‘ಕೊನೆಗೊಳ್ಳುವ’ ಎಂಬುದೇ ಮುಖ್ಯ: ‘ಎಸ್‌ಬಿಐ.ಬ್ಯಾಂಕ್.ಇನ್.ಕೆವೈಸಿ-ಖಾತೆ.ಕಾಮ್’ ಎಂಬಂಥ ವಿಳಾಸದ ಒಡೆಯ ಬ್ಯಾಂಕ್ ಅಲ್ಲ, ‘ಕೆವೈಸಿ-ಖಾತೆ.ಕಾಮ್’ ಅನ್ನು ನೋಂದಾಯಿಸಿಕೊಂಡವರು.

ಬ್ರೌಸರಿನ ಬೀಗದ ಚಿಹ್ನೆ ಸಂಪರ್ಕವು ಗೂಢಲಿಪಿಯಲ್ಲಿದೆ ಎಂದಷ್ಟೇ ತಿಳಿಸುತ್ತದೆ. ನಕಲಿ ತಾಣಗಳಲ್ಲೂ ಅದು ಇರುತ್ತದೆ. ಕಾಗುಣಿತದ ತಪ್ಪುಗಳು ಹಿಂದೆ ಒಳ್ಳೆಯ ಸುಳಿವಾಗಿದ್ದವು, ಈಗ ಅವನ್ನು ನೆಚ್ಚುವಂತಿಲ್ಲ. ಪಿನ್ ಅಥವಾ ಒಟಿಪಿಯನ್ನು ತಿಳಿಸುವಂತೆ ಕೇಳುವ ಇ-ಮೇಲ್ ನಕಲಿಯೇ ಸರಿ.

ದೂರು ಮತ್ತು ಹೊಣೆ

ಹಣ ಕಳೆದುಕೊಂಡವರು ತಮ್ಮ ಬ್ಯಾಂಕಿಗೂ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕೂಡಲೇ ತಿಳಿಸಬೇಕು. ಇಂಥ ಸೋಗು ಹಾಕಿದ ವಂಚನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಗುಪ್ತ ವಿವರಗಳನ್ನು ನೀಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.