ಎಂಟು ಅಂಕಣದ ಮನೆ, ಒಂದು ದಿನದ ದಾರಿ

ನಮ್ಮ ಮನೆಯ ತಲಬಾಗಿಲನ್ನು ಅಪ್ಪ ತಂದದ್ದು ಬನಶಂಕರಿ ಜಾತ್ರೆಯಿಂದ. ನನಗಾಗ ಏಳು ವರ್ಷ. ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ, ಜಾತ್ರೆಯ ಬಯಲಲ್ಲಿ ಬಡಿಗೇರು ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹಿಂದೆ ಗೋಡೆಯಿಲ್ಲ, ಮುಂದೆ ಅಂಗಳವಿಲ್ಲ, ಬರೀ ಬಾಗಿಲು ಮತ್ತು ಚೌಕಟ್ಟು. ನಾನೂ ತಮ್ಮನೂ ಒಂದರಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಂದು ಆಟ ಹೂಡಿದೆವು. ಅಪ್ಪ ಒಂದೊಂದರ ಹೊಸ್ತಿಲನ್ನೂ ಮುಟ್ಟಿ ನೋಡಿದ. ಬೆರಳ ಗೆಣ್ಣಿನಿಂದ ಹಲಗೆ ಬಡಿದು ಸದ್ದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಒಂದನ್ನು ಒಪ್ಪಿದ. ಸಂಜೆ ಅದನ್ನು ಬಂಡಿಯಲ್ಲಿ ಅಡ್ಡ ಮಲಗಿಸಿ, ಮೇಲೆ ಕೌದಿ ಹಾಸಿ, ನಮ್ಮಿಬ್ಬರನ್ನು ಕೂರಿಸಿದ. ಬಾಗಿಲ ಮೇಲೆ ಕೂತೇ ನಾವು ಮನೆಗೆ ಬಂದೆವು.

ಜಾತ್ರೆಯಿಂದ ಬೆಂಡು ಬತ್ತಾಸು ತರುವವರು ಎಲ್ಲ ಕಡೆಯೂ ಇದ್ದಾರೆ. ಮನೆಗೆ ಬಾಗಿಲನ್ನೇ ತರುವ ರೂಢಿ ನಮ್ಮ ಸೀಮೆಯದು, ಇವತ್ತಿಗೂ ನಡೆದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು. ಮಲಪ್ರಭೆಯ ಈ ದಂಡೆಯಲ್ಲಿ ಮನೆಯ ಚರಿತ್ರೆಯನ್ನೂ ಸುತ್ತಾಟದ ಚರಿತ್ರೆಯನ್ನೂ ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಮನೆಯ ಮಾತು. ನಮ್ಮದು ಎಂಟು ಅಂಕಣದ ಮನೆ. ಇಷ್ಟು ಅಡಿ, ಇಷ್ಟು ಚದರ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ನಾಲ್ಕು ಕಂಬಗಳ ನಡುವಣ ಜಾಗ ಒಂದು ಅಂಕಣ. ಹೆಣ್ಣು ನೋಡಲು ಬಂದವರು ಸಹ ಕಂಬ ಎಣಿಸಿಯೇ ಮನೆತನದ ಅಳತೆ ತಿಳಿಯುತ್ತಿದ್ದರು. ತಲಬಾಗಿಲು ದಾಟಿದರೆ ದಂದಕ್ಕಿ, ಎತ್ತು ಎಮ್ಮೆಗಳ ಜಾಗ. ಅಲ್ಲಿಂದ ಮೊಣಕಾಲೆತ್ತರ ಮೇಲಕ್ಕೆ ಪಡಸಾಲೆ. ಅದರಾಚೆ ನಡುಮನೆ, ದೇವರ ಕೋಣೆ, ಅಡಿಗೆಮನೆ. ಪಡಸಾಲೆಯ ನೆಲದೊಳಗೆ ಹಗೇವು. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ದೊಡ್ಡದು. ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದರ ಮೇಲೆಯೇ ನಾವು ಚಾಪೆ ಹಾಸಿ ಮಲಗುತ್ತಿದ್ದೆವು. ತೆರೆದ ದಿನ ಮಾತ್ರ ಹತ್ತಿರ ಬಿಡುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಯಾರೂ ಇಳಿಯಕೂಡದು.

ಮನೆಯ ಜೀವ ಇದ್ದದ್ದು ಮಾಳಿಗೆಯಲ್ಲಿ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಚಕ್ಕೆ, ಚಕ್ಕೆಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು. ಯಾವ ಮಣ್ಣಾದರೂ ನಡೆಯುವುದಿಲ್ಲ. ಕಡೆಯ ಪದರಕ್ಕೆ ಕರಲು ಮಣ್ಣೇ ಆಗಬೇಕು. ಬೆಳೆ ಬಾರದ ಸವಳು ನೆಲದ ಆ ಬಿಳಿಚು ಮಣ್ಣು ಮಳೆ ಬಿದ್ದ ಕೂಡಲೇ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ಬೇಕಾದದ್ದು ಹೀಗೆ. ಮುಂಗಾರಿಗೆ ಮೊದಲು ಅಪ್ಪ ಬಂಡಿಯಲ್ಲಿ ಅದನ್ನು ತಂದು ಮಾಳಿಗೆಗೆ ಏರಿಸುತ್ತಿದ್ದ. ನಾವು ಕಾಲಲ್ಲಿ ತುಳಿದು ಸಮ ಮಾಡುತ್ತಿದ್ದೆವು. ನೀರು ಹರಿದುಹೋಗಲು ಅಂಚಿನಲ್ಲಿ ಹರನಾಳಿಗೆ, ನಡುವೆ ಬೆಳಕಿಂಡಿ. ಮಧ್ಯಾಹ್ನ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಪಡಸಾಲೆಯ ಯಾವ ಕಂಬಕ್ಕೆ ತಾಗಿದೆ ಎಂದು ನೋಡಿ ಆಯಿ, ಅಂದರೆ ನಮ್ಮಜ್ಜಿ, ಹೊತ್ತು ಹೇಳುತ್ತಿದ್ದಳು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ವೈಶಾಖದ ಬಿಸಿಲಲ್ಲೂ ಒಳಗೆ ತಂಪು. ರಾತ್ರಿ ಮಾತ್ರ ಎಲ್ಲರೂ ಏಣಿ ಹತ್ತಿ ಮಾಳಿಗೆಯ ಮೇಲೆ. ಓಣಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಳಗೆ ಇಳಿಯದೆಯೇ ಹತ್ತು ಮನೆ ದಾಟಬಹುದಿತ್ತು.

ಹೀಗೆ ಒಳಗೆ ತಂಪಾಗಿ ಕೂರುವ ಜನ ಹೊರಗೆ ಹೊರಡುತ್ತಿದ್ದದ್ದು ಚಳಿಗಾಲದಲ್ಲಿ. ಅದಕ್ಕೆ ಕಾರಣ ಜೋಳ. ಎರಿ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ತೆನೆ ಹಾಲುಗಾಳಾಗುವ ಹೊತ್ತಿಗೆ ಮಾರ್ಗಶಿರ ಮುಗಿಯುತ್ತದೆ. ಆ ತಿಂಗಳ ಕೊನೆಯ ದಿನವೇ ಎಳ್ಳಮಾಸಿ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಒಯ್ಯಬೇಕು. ನಮ್ಮ ಕಡೆಯ ಅತಿ ಹಳೆಯ ಒಂದು ದಿನದ ಪ್ರವಾಸ ಅದೇ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ವಾರದ ಮುಂಚೆಯೇ ಅವ್ವ, ಚಿಗವ್ವ, ಓಣಿಯ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಡಿಗೆಯಲ್ಲಿ ಕೆನೆ ಮೊಸರು. ಕೊಲ್ಲಾರಿ ಬಂಡಿಯಲ್ಲಿ ಬುತ್ತಿಗೆ ಮೊದಲು ಜಾಗ, ಮನುಷ್ಯರಿಗೆ ಆಮೇಲೆ.

ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ. ಹಿಂದೆ ಇನ್ನೊಂದು ಕಲ್ಲು, ಅದಕ್ಕೆ ಕಳ್ಳ ಎಂದು ಹೆಸರು. ಪೂಜೆಯ ನಂತರ ಎಲ್ಲ ಅಡಿಗೆಯನ್ನೂ ಒಂದಿಷ್ಟು ಕಲಸಿ ಅಪ್ಪ ಹೊಲದ ತುಂಬ ಚರಗ ಚೆಲ್ಲುತ್ತ ಮುಂದೆ ನಡೆದರೆ, ತಮ್ಮ ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ. ಬದುವಿನ ಮೇಲೆ ಹೋಗುವ ಯಾರನ್ನೂ ಅವತ್ತು ಉಣ್ಣದೆ ಬಿಡುವ ಹಾಗಿಲ್ಲ. ಸ್ವಂತ ಹೊಲ ಇಲ್ಲದವರನ್ನು ಮೊದಲು ಕರೆಯಬೇಕು. ಇದು ಆಯಿಯ ಕಟ್ಟುನಿಟ್ಟಿನ ನಿಯಮ. ಅದನ್ನು ಮೀರಿದ್ದು ನಾನು ಕಾಣೆ.

ಅದಾದ ಮೇಲೆ ಸೀತನಿಯ ದಿನಗಳು. ಸೀತನಿ ತಿನ್ನಲು ಹೋಗುವುದಕ್ಕೆ ತಿಥಿ ವಾರ ಬೇಕಿಲ್ಲ, ತೆನೆ ಹದಕ್ಕೆ ಬಂದಿದ್ದರೆ ಸಾಕು. ಕುಳ್ಳಿನ ಕೆಂಡ ಮಾಡಿ ಹಸಿ ತೆನೆಯನ್ನು ಅದರಲ್ಲಿ ಹುಗಿದು ತೆಗೆಯಬೇಕು. ಕೈ ಸುಡುತ್ತಿರುವಾಗಲೇ ತಿಕ್ಕಿ, ಊದಿ ಹೊಟ್ಟು ಹಾರಿಸಿದರೆ ಅಂಗೈ ತುಂಬ ಹಸಿರು ಕಾಳು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಒಣಕೊಬ್ಬರಿ. ಎರಡು ದಿನ ತಡವಾದರೆ ಕಾಳು ಗಟ್ಟಿ, ಎರಡು ದಿನ ಮೊದಲಾದರೆ ಬರೀ ಹಾಲು. ಈ ಹದ ಬರೆದು ಕಲಿಸುವಂಥದ್ದಲ್ಲ. ಆಯಿ ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ, "ನಾಳಿಗಿ ಬರೂಣು" ಎಂದರೆ ಮರುದಿನವೇ ಹೋಗುತ್ತಿದ್ದೆವು.

ಎಳ್ಳಮಾಸಿಯಿಂದ ಹದಿನೈದು ದಿನಕ್ಕೆ ಪುಷ್ಯದ ಬನದ ಹುಣ್ಣಿವೆ, ಬನಶಂಕರಿಯ ತೇರು. ಚರಗಕ್ಕೆ ಹೊರಗೆ ತೆಗೆದ ಬಂಡಿಯನ್ನು ಒಳಗಿಡುವುದೇ ಬೇಡ. ಅಲ್ಲಿಯೂ ನೆಲದ ಬೆಳೆಯೇ ದೇವರು. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ. ಶಾಕಂಬರಿಯಾದ ತಾಯಿಗೆ 108 ಬಗೆಯ ಕಾಯಿಪಲ್ಯದ ಅಡಿಗೆ ನೈವೇದ್ಯ. ಈಗಿನ ಗುಡಿಯನ್ನು 1750ರಲ್ಲಿ ಒಬ್ಬ ಮರಾಠಾ ಸರದಾರ ಕಟ್ಟಿಸಿದ್ದು. ತಾಯಿಯ ಪೂಜೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಜಾತ್ರೆ ವಾರಗಟ್ಟಲೆ. ನಾಟಕ ಕಂಪನಿಗಳು ತಗಡಿನ ಥೇಟರು ಹಾಕಿ ರಾತ್ರಿಯಿಡೀ ಆಡುತ್ತವೆ. ದನದ ಸಂತೆ ಒಂದು ಕಡೆ, ಬಾಗಿಲಿನ ಸಂತೆ ಇನ್ನೊಂದು ಕಡೆ. ಬುತ್ತಿ ತರದವರಿಗೂ ಚಿಂತೆಯಿಲ್ಲ. ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ಗಿಡದ ನೆರಳಲ್ಲಿ ಕೂತಿರುತ್ತಾರೆ. ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಮೊಸರು. ಹಣ ಇಸಿದುಕೊಂಡು ಬಡಿಸುತ್ತಾರೆ, ನಿಜ. ಆದರೆ "ಇನ್ನೊಂದ್ ರೊಟ್ಟಿ ಹಾಕ್ಕೋರಿ ಯವ್ವಾ" ಎನ್ನುವ ಧ್ವನಿ ನಮ್ಮ ಅಡಿಗೆಮನೆಯದೇ. ಜಾತ್ರೆ ಇಲ್ಲದ ದಿನಗಳಲ್ಲೂ ಅವರು ಅಲ್ಲಿರುತ್ತಾರೆ.

ಹೊಲ, ಜಾತ್ರೆ ನಮ್ಮ ಹಳೆಯ ಸುತ್ತಾಟ. ಬಾದಾಮಿಯ ಮೇಣಬಸದಿಗಳಿಗೆ, ಪಟ್ಟದಕಲ್ಲಿಗೆ, ಐಹೊಳೆಗೆ ಹೊರಗಿನ ಜನ ನೋಡಲೆಂದೇ ಬರತೊಡಗಿದ್ದು ರೈಲು, ಬಸ್ಸು ಬಂದ ಮೇಲಿನ ಮಾತು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಂಗಳೇಶ ಮಾಡಿಸಿದ್ದು, ಐಹೊಳೆಯ ಮೇಗುತಿಯ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಶಾಸನ ಬರೆದದ್ದು, ಇದನ್ನೆಲ್ಲ ನಾನು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಐಹೊಳೆಯನ್ನು ನನಗೆ ತೋರಿಸಿಕೊಟ್ಟವಳು ಓದು ಬರಹ ಇಲ್ಲದ ನನ್ನ ಆಯಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳನ್ನು ಬಸ್ಸಿನಲ್ಲಿ ಐಹೊಳೆಗೆ ಕರೆದೊಯ್ದೆ. ದುರ್ಗದ ಗುಡಿಯ ಕೆತ್ತನೆಗೆ ಕೈಮುಗಿದು ಸುತ್ತು ಹಾಕಿದಳು. ಪಕ್ಕದ ಲಾಡ್‌ಖಾನ್ ಗುಡಿಗೆ ಬಂದಾಗ ಮಾತ್ರ ನಿಂತುಬಿಟ್ಟಳು. ಮೊದಲು ಕಂಬ ಎಣಿಸಿದಳು. ಆಮೇಲೆ ಮೇಲೆ ನೋಡಿದಳು. "ಕಂಬ, ಬೋದಿಗಿ, ತೊಲಿ... ಯವ್ವಾ, ಇದು ಮನೀನ ಐತೆಲ್ಲ!" ಎಂದಳು.

ನಿಜವೇ. ಅಲ್ಲಿಯ ಮಾಡು ಶಿಖರವಲ್ಲ, ಇಳಿಜಾರಿನ ಚಪ್ಪಡಿ. ಚಪ್ಪಡಿಗಳ ಸಂದಿಯಲ್ಲಿ ನೀರು ಇಳಿಯದ ಹಾಗೆ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳು, ಮರದ ದಿಮ್ಮಿಗಳನ್ನು ಹಾಸಿದಂತೆಯೇ. ಮಾಳಿಗೆಯ ಮೇಲೊಂದು ಪುಟ್ಟ ಗುಡಿ, ಅಲ್ಲಿಗೆ ಹತ್ತಲು ಕಲ್ಲಿನಲ್ಲೇ ಕಡಿದ ಏಣಿ. ಮುಂದಿನ ಮಂಟಪದಲ್ಲಿ ಬೆನ್ನು ಆನಿಸಿ ಕೂರುವ ಕಕ್ಷಾಸನ. ಆಯಿ ಅದರ ಮೇಲೆ ಕಾಲು ಚಾಚಿ ಕೂತು, "ಇಂಥಾ ಕಟ್ಟಿ ನಮ್ಮ ಮನಿಗೂ ಬೇಕಾಗಿತ್ತು ನೋಡ" ಎಂದಳು. ಈ ಗುಡಿಯನ್ನು 5ನೆಯ ಶತಮಾನದ್ದೆಂದು ಹಿಂದಿನ ವಿದ್ವಾಂಸರು ಎಣಿಸಿದ್ದರು. ಈಚಿನವರು 7-8ನೆಯ ಶತಮಾನಕ್ಕೆ ತರುತ್ತಾರೆ. ಮರದ ಕಟ್ಟಡದ ರೀತಿಯನ್ನು ಕಲ್ಲಿಗೆ ತಂದ ಕೆಲಸ ಎಂಬುದನ್ನು ಎರಡೂ ಪಕ್ಷದವರು ಒಪ್ಪುತ್ತಾರೆ. ಆಯಿಗೆ ಅದು ನಿಂತ ಜಾಗದಲ್ಲೇ ತಿಳಿಯಿತು.

ಜನ ಅದರಲ್ಲಿ ಬಾಳ್ವೆ ಮಾಡಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಲಾಡ್‌ಖಾನ್ ಎಂಬಾತ ಒಂದು ಕಾಲಕ್ಕೆ ಅಲ್ಲಿ ವಾಸವಿದ್ದನೆಂದೇ ಆ ಹೆಸರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ: ಹೆಸರುಗಳೆಲ್ಲ ಮನೆತನದವು, ಕಸುಬಿನವು. ಐಹೊಳೆಯ ಎಷ್ಟೋ ಗುಡಿಗಳ ಒಳಗೂ ಮಗ್ಗುಲಿಗೂ ಸಂಸಾರಗಳಿದ್ದವು, ಒಲೆ ಉರಿಯುತ್ತಿದ್ದವು. ಪುರಾತತ್ವದವರ ಕಾವಲಿಗೆ ಬಂದ ಮೇಲೆ ಅವು ಖಾಲಿಯಾದವು. ಗುಡಿಗಳು ಉಳಿಯಲು ಅದು ಬೇಕಿತ್ತು. ಆದರೆ ಹೊಗೆ ಹಿಡಿದ ಆ ಶತಮಾನಗಳು ಚರಿತ್ರೆಯಲ್ಲವೆಂದು ಒಂದೆರಡು ಸಾಲಿನಲ್ಲಿ ದಾಟಿಹೋಗುವ ಪುಸ್ತಕಗಳನ್ನು ನಾನು ಒಪ್ಪುವುದಿಲ್ಲ. ಚಾಲುಕ್ಯರ ಕಲ್ಲುಕುಟಿಗ ಮನೆಯನ್ನು ನೋಡಿ ಗುಡಿ ಮಾಡಿದ. ಸಾವಿರ ವರ್ಷದ ಮೇಲೆ ಗುಡಿಯೇ ಮನೆಯಾಯಿತು. ಅಂಕಣ, ಬೋದಿಗೆ, ತೊಲೆ ಎಂಬ ಮಾತುಗಳು ಎರಡಕ್ಕೂ ಒಂದೇ ಆಗಿ ಉಳಿದವು.

ನಮ್ಮ ಮಣ್ಣಿನ ಮನೆಗೆ ಆ ಬಾಳಿಕೆ ಇರಲಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ದಿನಗಟ್ಟಲೆ ಬಿಡಲಿಲ್ಲ. ಮಲಪ್ರಭೆ ಊರೊಳಗೆ ಬಂತು. ಮಣ್ಣಿನ ಮನೆಗೆ ಹೊಳೆಗಿಂತಲೂ ದೊಡ್ಡ ವೈರಿ ಬಿಡದೆ ಸುರಿಯುವ ಮಳೆ. ಕರಲು ಮಣ್ಣೂ ಕಡೆಗೆ ನೀರು ಕುಡಿಯಿತು, ಮಾಳಿಗೆಯ ಭಾರಕ್ಕೆ ತೆಂಕಣ ಗೋಡೆ ಕುಸಿಯಿತು. ಜೀವಕ್ಕೇನೂ ಆಗಲಿಲ್ಲ, ಎಲ್ಲರೂ ಶಾಲೆಯಲ್ಲಿದ್ದೆವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಎಂಟು ಅಂಕಣದಲ್ಲಿ ಒಂದೂ ಇಲ್ಲ. ಜಾತ್ರೆಯಿಂದ ತಂದ ಬಾಗಿಲು ಮಾತ್ರ ಚೌಕಟ್ಟಿನ ಸಮೇತ ನಿಂತಿತ್ತು, ಹಿಂದೆ ಗೋಡೆಯಿಲ್ಲದೆ.

ತಮ್ಮ ಎತ್ತರದ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟಿಸಿದ. ಬಾಗಿಲನ್ನು ಅಲ್ಲಿಗೇ ಕೂರಿಸಿದ. ಹೊಸ್ತಿಲನ್ನು ನಾಲ್ಕು ಬೆರಳು ಕೊರೆಯಬೇಕಾಯಿತು. ನಕ್ಷೆಯಲ್ಲಿ ಇರದಿದ್ದ ಕಟ್ಟೆಯನ್ನು ಅವ್ವ ಹಟ ಹಿಡಿದು ಮುಂದೆ ಕಟ್ಟಿಸಿದಳು. ಎಳ್ಳಮಾಸಿಗೆ ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತೇವೆ. ಬುತ್ತಿಗೆ ಮೊದಲು ಜಾಗ ಎಂಬುದು ಬದಲಾಗಿಲ್ಲ. ಹೋದ ವರ್ಷ ತಮ್ಮನ ಮೊಮ್ಮಗಳನ್ನು ಲಾಡ್‌ಖಾನ್ ಗುಡಿಗೆ ಕರೆದೊಯ್ದು, ಅಂಕಣ ಎಂದರೇನು ಎಂದು ಕೇಳಿದೆ. "ಪೇಪರಿನ್ಯಾಗ ಬರತೈತಲ್ಲ ಅಜ್ಜಿ, ಅದು" ಎಂದಳು. ತಪ್ಪು ಹೇಳಲಿಲ್ಲ, ಪತ್ರಿಕೆಗೂ ಹೋದದ್ದು ಇದೇ ಮಾತು. ಅವಳನ್ನು ನಾಲ್ಕು ಕಂಬಗಳ ನಡುವೆ ನಿಲ್ಲಿಸಿ, ಇದು ಒಂದು ಅಂಕಣ, ಇಂಥವು ಎಂಟು ನಮ್ಮ ಮನೆ ಎಂದೆ. ಅವಳು ಹೆಜ್ಜೆ ಹಾಕಿ ಅಳೆದಳು.

ಓದುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮೂರಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಹಳೆಯ ಗುಡಿಯೋ ಮಠವೋ ವಾಡೆಯೋ ಇದ್ದೇ ಇರುತ್ತದೆ. ಮನೆಯ ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನೆರಳಲ್ಲಿ ಕೂರಿಸಿ, ಬುತ್ತಿ ಬಿಚ್ಚಿ. ಕಂಬದ ಮೇಲಿನದಕ್ಕೆ, ಸೂರಿನ ಕೆಳಗಿನದಕ್ಕೆ, ಬಾಗಿಲ ಪಕ್ಕದ್ದಕ್ಕೆ ಅವರು ಏನೆನ್ನುತ್ತಾರೋ ಕೇಳಿ, ಅವರ ಬಾಯಿಂದ ಬಂದ ಹಾಗೆಯೇ ಬರೆದಿಟ್ಟುಕೊಳ್ಳಿ.